ಗೋವಾ ಪ್ರವಾಸಕ್ಕೆ ನೀರಿಗಿಳಿಸುವ ಕ್ಯಾಮೆರಾ ಬೇಕೇ?

ಡಿಸೆಂಬರಿನಲ್ಲಿ ಇಬ್ಬರು ಮಕ್ಕಳು ಮತ್ತು ಅತ್ತೆಯವರೊಂದಿಗೆ ಗೋವಾಕ್ಕೆ ಬರುತ್ತಿದ್ದೀರಿ. ನೀರು ಹೊಗದ ಪುಟ್ಟ ವಿಡಿಯೊ ಕ್ಯಾಮೆರಾ ಕೊಳ್ಳಬೇಕೇ, ಮೊಬೈಲೇ ಸಾಲದೇ ಎಂದು ಕೇಳಿದ್ದೀರಿ. ಕೊಳ್ಳಿ. ನಾನು ಹನ್ನೊಂದು ವರ್ಷಗಳಿಂದ ವಾಸ್ಕೋದಲ್ಲಿದ್ದೇನೆ. ರಜೆ ಬಂತೆಂದರೆ ಧಾರವಾಡ, ಗದಗಿನ ಬಂಧುಗಳೆಲ್ಲ ನಮ್ಮ ಮನೆಗೇ ಬರುತ್ತಾರೆ. ಅವರನ್ನು ಬೋಗ್ಮಾಲೊ, ಕೋಲ್ವಾ, ಪಾಲೋಲೆಂ ಕಡಲತೀರಗಳಿಗೆ ಕರೆದೊಯ್ಯುವಾಗ ಆ ಕ್ಯಾಮೆರಾ ನನ್ನ ಕೈಯಲ್ಲಿ ಇದ್ದೇ ಇರುತ್ತದೆ.

ಮೊಬೈಲಿನ ಮೇಲೆ ಐಪಿ68 (ಧೂಳು, ನೀರು ತಡೆಯುತ್ತದೆ ಎಂಬ ಗುರುತು) ಎಂದು ಬರೆದಿದ್ದರೂ ಅದನ್ನು ನಂಬಿ ಸಮುದ್ರಕ್ಕೆ ಇಳಿಯಬೇಡಿ. ಆ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ. ಉಪ್ಪುನೀರಾದರೋ ಚಾರ್ಜಿಂಗ್ ಕಿಂಡಿಯ ಲೋಹವನ್ನೇ ತಿನ್ನುತ್ತದೆ. ಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದೂ ಇಲ್ಲ. ಬ್ಯಾಂಕು, ಟಿಕೆಟ್ಟು, ಊರಿನವರ ನಂಬರು ಎಲ್ಲವೂ ಅದರಲ್ಲೇ ಇರುವಾಗ, ಅದನ್ನು ಹಿಡಿದು ಅಲೆಯ ಎದುರು ನಿಂತವರ ಜೀವಕ್ಕೆ ನೆಮ್ಮದಿ ಎಲ್ಲಿಯದು?

ಇಂಥ ಪುಟ್ಟ ಕ್ಯಾಮೆರಾ ಮಾಡುವ ಗೋಪ್ರೊ ಕಂಪನಿಯ ಹೀರೊ5 ಬ್ಲ್ಯಾಕ್ 2016ರಲ್ಲಿ ಬಂದಾಗಿನಿಂದ ಆ ಸಾಲಿನ ಮುಖ್ಯ ಕ್ಯಾಮೆರಾಗಳು ಹೊರಕವಚವಿಲ್ಲದೆಯೇ 10 ಮೀಟರ್ ಆಳ ತಡೆಯುತ್ತವೆ. ಹಿಂದಿನ ಹೀರೊ4 ಬ್ಲ್ಯಾಕ್, ಸಿಲ್ವರ್‌ಗಳಿಗೆ ಕವಚ ಬೇಕೇ ಬೇಕು. ಹಳೆಯದನ್ನು ಕೊಳ್ಳುವುದಾದರೆ ಇದನ್ನು ನೋಡಿಕೊಳ್ಳಿ. ನಿಮಗೆ ಅಷ್ಟು ಆಳದ ಅಗತ್ಯವೂ ಬೀಳುವುದಿಲ್ಲ. ಮಾಂಡವಿ, ಜುವಾರಿ ನದಿಗಳು ಬಂದು ಸೇರುವ ಇಲ್ಲಿನ ಕಡಲು ದಡದ ಬಳಿ ಕದಡಿಕೊಂಡೇ ಇರುತ್ತದೆ. ಮುಳುಗಿಸಿ ತೆಗೆದರೆ ಕಾಣುವುದು ಹಸಿರುಗಂದು ಮಬ್ಬು ಮಾತ್ರ. ಒಳ್ಳೆಯ ವಿಡಿಯೊ ಸಿಗುವುದು ಮೊಣಕಾಲು ನೀರಿನಲ್ಲಿ, ಕ್ಯಾಮೆರಾವನ್ನು ನೀರಿಗೆ ತಾಗಿಸಿ ಹಿಡಿದಾಗ.

ನಮ್ಮ ಅವ್ವ ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಸಮುದ್ರಕ್ಕೆ ಕಾಲಿಟ್ಟಿದ್ದು ಪಾಲೋಲೆಂನಲ್ಲಿ. ನಾನು ಕ್ಯಾಮೆರಾವನ್ನು ಅವಳ ಪಾದದ ಮಟ್ಟಕ್ಕೆ ತಂದಿದ್ದೆ. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಸುತ್ತಲಿನ ಮರಳು ಕರಗಿ ಜಾರುವುದು, ಕಾಲುಂಗುರದ ಬೆರಳುಗಳು ನೆಲವನ್ನು ಬಿಗಿಯಾಗಿ ಕಚ್ಚುವುದು, ಮೇಲಿನಿಂದ "ಕಾಲಡಿಯ ನೆಲವೇ ಓಡುತ್ತಿದೆಯಲ್ಲೋ!" ಎಂಬ ಅವಳ ಕೂಗು, ಎಲ್ಲವೂ ನಲವತ್ತು ಸೆಕೆಂಡುಗಳಲ್ಲಿ ಬಂದಿವೆ. ದಡದಲ್ಲಿ ನಿಂತು ಮೊಬೈಲಿನಲ್ಲಿ ತೆಗೆದಿದ್ದರೆ ಇದು ಸಿಗುತ್ತಿರಲಿಲ್ಲ.

ಇನ್ನು ಜೋಪಾನದ ಮಾತು. ನನ್ನ ಮೊದಲ ಕ್ಯಾಮೆರಾ ಹಾಳಾದದ್ದು ಕೋಲ್ವಾದಲ್ಲಿ. ಒದ್ದೆ ಕೈಯಲ್ಲಿ ಬ್ಯಾಟರಿಯ ಮುಚ್ಚಳ ತೆರೆದು ಮುಚ್ಚಿದೆ. ಮುಚ್ಚಳದ ರಬ್ಬರ್ ಪಟ್ಟಿಯ ಮೇಲೆ ಒಂದು ಮರಳಿನ ಕಣ ಕೂತಿತ್ತು. ಮುಂದಿನ ಅಲೆಗೆ ನೀರು ಒಳಗೆ ಹೋಯಿತು. ಮೆಮೊರಿ ಕಾರ್ಡ್ ಒಣಗಿದ ಮೇಲೆ ತೆರೆದುಕೊಂಡಿತು, ಕ್ಯಾಮೆರಾ ಏಳಲೇ ಇಲ್ಲ. ಅಂದಿನಿಂದ ಬ್ಯಾಟರಿ ಬದಲಿಸುವುದು ಕೋಣೆಯಲ್ಲಿ, ಒಣಗಿದ ಕೈಯಲ್ಲಿ ಮಾತ್ರ. ಸಂಜೆ ಮರಳಿದೊಡನೆ, ಮುಚ್ಚಳ ತೆರೆಯುವ ಮೊದಲೇ, ಬಕೆಟ್ಟಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಒರೆಸಿ, ನೆರಳಲ್ಲಿ ಒಣಗಿಸುತ್ತೇನೆ. ಉಪ್ಪು ಹರಳುಗಟ್ಟಿದರೆ ಗುಂಡಿಗಳು ಸಿಕ್ಕಿಕೊಳ್ಳುತ್ತವೆ.

ತೇಲುವ ಹಿಡಿಯನ್ನು ಕ್ಯಾಮೆರಾದ ಜೊತೆಗೇ ಕೊಳ್ಳಿ. ಕೈಜಾರಿದರೆ ಕ್ಯಾಮೆರಾ ಕಲ್ಲಿನಂತೆ ಮುಳುಗುತ್ತದೆ, ಆ ಕದಡಿದ ನೀರಿನಲ್ಲಿ ಹುಡುಕಿ ತೆಗೆಯುವುದು ಆಗದ ಮಾತು. ವಿಡಿಯೊದ ಸ್ಪಷ್ಟತೆಗೆ ಹೆಚ್ಚಿನ 4ಕೆ ಬೇಡ, ಅದಕ್ಕಿಂತ ಕಡಿಮೆಯ 1080ಪಿ ಸಾಕು. ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ: ಕ್ಯಾಮೆರಾ ಹಿಡಿದವರಿಗೆ ಮಗುವಿನ ಕಾವಲು ಒಪ್ಪಿಸಬಾರದು. ಸಣ್ಣ ಪರದೆಯಲ್ಲಿ ಮಗುವಿನ ಮುಖ ನೋಡುತ್ತಿರುವಾಗ ಅದರ ಬೆನ್ನ ಹಿಂದೆ ಏಳುವ ಅಲೆ ಕಣ್ಣಿಗೆ ಬೀಳುವುದಿಲ್ಲ. ನೀವು ಚಿತ್ರಿಸುವಾಗ ಮನೆಯವರೊಬ್ಬರು ಮಗುವಿನ ಕೈ ಹಿಡಿದೇ ಇರಲಿ. ಕೆಂಪು ಬಾವುಟ ಕಂಡರೆ, ಅಥವಾ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಸೀಟಿ ಊದಿದರೆ, ತಕ್ಷಣ ಮೇಲೆ ಬನ್ನಿ.

ಅತ್ತೆಯವರ ಕೈಗೂ ಒಮ್ಮೆ ಕ್ಯಾಮೆರಾ ಕೊಡಿ. ಅವ್ವ ತೆಗೆದ ವಿಡಿಯೊದಲ್ಲಿ ಕಡಲು ಓರೆಯಾಗಿದೆ, ಅರ್ಧ ಹೊತ್ತು ಅವಳ ಸೆರಗೇ ಕಾಣುತ್ತದೆ. ಆದರೆ ನಮ್ಮ ಮನೆಯ ಇಷ್ಟು ವರ್ಷಗಳ ಪ್ರವಾಸದ ವಿಡಿಯೊಗಳಲ್ಲಿ ನಾನು ಮಕ್ಕಳ ಜೊತೆ ನೀರಿನಲ್ಲಿ ಕಾಣುವುದು ಆ ಮೂರು ನಿಮಿಷಗಳಲ್ಲಿ ಮಾತ್ರ.