ಮುಂದಿನ ಬ್ರೇಕ್ ಹಿಡಿದುಕೊಳ್ಳುವುದರ ಬಗ್ಗೆ

ಮಳೆಗಾಲವಿಡೀ ತೋಟದ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಡರ್ಟ್ ಬೈಕಿನ ಮುಂದಿನ ಡಿಸ್ಕ್ ಬ್ರೇಕ್, ಲಿವರ್ ಬಿಟ್ಟರೂ ಚಕ್ರವನ್ನು ಬಿಡುತ್ತಿಲ್ಲ, ಹೊಸ ಪ್ಯಾಡ್ ಹಾಕಿದರೂ ಸರಿಹೋಗಲಿಲ್ಲ ಎಂದು ಕೇಳಿದ್ದೀರಿ. ಇನ್ನಷ್ಟು ಬಿಡಿಭಾಗ ಕೊಳ್ಳುವ ಮೊದಲು ದೋಷ ಲಿವರಿನ ಕಡೆಯದೋ ಕ್ಯಾಲಿಪರಿನದೋ (ಚಕ್ರದ ಬಳಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಎಂಬುದನ್ನು ಖಚಿತಪಡಿಸಿಕೊಳ್ಳಿ.

ಬ್ರೇಕ್ ಹಿಡಿದುಕೊಂಡಿರುವಾಗಲೇ ಚಕ್ರವನ್ನು ನೆಲದಿಂದೆತ್ತಿ, ಕ್ಯಾಲಿಪರಿನಲ್ಲಿ ದ್ರವ ಹೊರಬಿಡುವ ಸಣ್ಣ ತಿರುಪಾದ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಸ್ವಲ್ಪವೇ ಸಡಿಲಿಸಿ. ದ್ರವ ಚಿಮ್ಮಿ ಚಕ್ರ ಹಗುರವಾದರೆ, ಮಾಸ್ಟರ್ ಸಿಲಿಂಡರಿನ (ಲಿವರ್ ಒತ್ತಿದಾಗ ದ್ರವವನ್ನು ತಳ್ಳುವ ಭಾಗ) ದ್ರವದ ಡಬ್ಬಿಯ ತಳದಲ್ಲಿ, ದ್ರವ ಹಿಂತಿರುಗುವ ಸೂಜಿಮೊನೆಯಷ್ಟು ಸಣ್ಣ ರಂಧ್ರ ಕಟ್ಟಿಕೊಂಡಿರಬೇಕು, ಲಿವರಿಗೆ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲ ಚಲನೆ) ಇಲ್ಲದಿರಬೇಕು ಅಥವಾ ಹಳೆಯ ಹೋಸ್ ಒಳಗೇ ಉಬ್ಬಿ ದ್ರವವನ್ನು ಹಿಂದಕ್ಕೆ ಬಿಡದಿರಬೇಕು. ಆ ಡಬ್ಬಿಯ ಮುಚ್ಚಳ ತೆಗೆದು ಲಿವರನ್ನು ಮೆಲ್ಲಗೆ ಒತ್ತಿ ನೋಡಿ. ಒತ್ತಲಾರಂಭಿಸಿದ ಕ್ಷಣದಲ್ಲಿ ದ್ರವದ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಎದ್ದರೆ ರಂಧ್ರ ತೆರೆದಿದೆ ಎಂದರ್ಥ.

ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಕ್ಯಾಲಿಪರ್ ಬಿಚ್ಚಲೇಬೇಕು. ಕೊಡಗಿನ ಮಳೆ, ತೋಟದ ಕೆಸರು ಸೇರಿದರೆ ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್ನುಗಳು ತುಕ್ಕು ಹಿಡಿದು ಅಂಟಿಕೊಳ್ಳುವುದು ಸಹಜ. ಅವನ್ನು ಉಜ್ಜಿ ಸಿಲಿಕಾನ್ ಗ್ರೀಸ್ ಹಚ್ಚಿ. ಪ್ಯಾಡನ್ನು ತಳ್ಳುವ ಪಿಸ್ಟನ್ ಮೇಲೆ ತುಕ್ಕಿನ ಗುಳಿಗಳಿದ್ದರೆ ಪಿಸ್ಟನ್ನನ್ನೂ ಸೀಲನ್ನೂ ಒಟ್ಟಿಗೇ ಬದಲಿಸಿ. ಪೆಟ್ರೋಲ್, ಎಂಜಿನ್ ಆಯಿಲ್ ಸೀಲಿಗೆ ದಯವಿಟ್ಟು ತಾಗಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಮುಚ್ಚಳದ ಮೇಲೆ ನಮೂದಿಸಿರುವ ಬಗೆಯದನ್ನೇ ಹೊಸ ಡಬ್ಬಿಯಿಂದ ತುಂಬಿಸಿ. ದುರಸ್ತಿಯಾಗುವವರೆಗೆ ಸಂಪಾಜೆ ಘಾಟಿ ಇಳಿಯಬೇಡಿ. ಹಿಡಿದುಕೊಂಡೇ ಇರುವ ಬ್ರೇಕಿನ ಬಿಸಿಗೆ ಹಳೆಯ ದ್ರವ ಕುದಿದರೆ ಲಿವರ್ ಒಮ್ಮೆಲೇ ಹ್ಯಾಂಡಲಿಗೆ ತಾಗಿಬಿಡುತ್ತದೆ.