ಖಾಲಿ ಉಳಿದ ಹಳದಿ ಲಕೋಟೆ

2024ರ ಅಕ್ಟೋಬರ್ ಎರಡನೇ ವಾರ, ನವೆಂಬರ್ 5ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹತ್ತಿರವಾಗಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದ ಆಕೆ ಕೂರುವ ಮೊದಲೇ ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಎರಡು ಮೂರು ನಿಮಿಷಕ್ಕೊಮ್ಮೆ ಅದು ನಡುಗುತ್ತಿತ್ತು. ಪ್ರತಿ ಸಲವೂ ಆಕೆಯ ಕೈ ಅತ್ತ ಹೋಗಿ, ನನ್ನನ್ನು ನೋಡಿ, ಹಿಂದಕ್ಕೆ ಬರುತ್ತಿತ್ತು. ಒಂದು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹಿಡಿದಂತಾಗುತ್ತದೆ ಎಂದರು. ವೈದ್ಯರು ಪರೀಕ್ಷಿಸಿ ಹೃದಯಕ್ಕೆ ಏನೂ ಆಗಿಲ್ಲ ಎಂದಿದ್ದರಂತೆ. ಎಚ್ಚರವಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. "ಸಮೀಕ್ಷೆ ನೋಡುತ್ತೇನೆ ಮೇಡಂ."

ಈ ಪ್ರಕರಣವನ್ನು ಬರೆಯಲು ಆಕೆಯೂ ಅವರ ಪತಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರುಗಳನ್ನು ಬಳಸಿಲ್ಲ.

ಆಕೆ ಮೈಸೂರು ಕಡೆಯವರು, ವಯಸ್ಸು ನಲವತ್ತರ ಮೇಲೆ. ಅಮೆರಿಕದ ಪೌರತ್ವ ಪಡೆದು ಕೆಲವು ವರ್ಷಗಳಾಗಿವೆ. ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿದು ಕಮಲಾ ಹ್ಯಾರಿಸ್ ಹೆಸರು ಮುಂದೆ ಬಂದಾಗ, ಜೀವನದಲ್ಲಿ ಮೊದಲ ಬಾರಿಗೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟರು. "ಚೆನ್ನೈನಿಂದ ಒಬ್ಬಳೇ ಓದಲು ಬಂದ ಹೆಣ್ಣುಮಗಳ ಮಗಳು. ನಮ್ಮ ಮನೆಯ ಕಥೆಯೇ ಅಲ್ಲವೇ?" ಎಂದಾಗ ಅವರ ಮುಖ ಅರಳಿತ್ತು. ವಾರಕ್ಕೆರಡು ದಿನ ಸಂಜೆ ಹಾಗೂ ಶನಿವಾರ ಇಡೀ ದಿನ ಮನೆ ಮನೆ ಪ್ರಚಾರ. ಮೊಬೈಲಿಗೆ ಬರುವ ಪಟ್ಟಿ ಹಿಡಿದು ನಲವತ್ತು ಬಾಗಿಲು ತಟ್ಟಿದರೆ ಹತ್ತು ಹನ್ನೆರಡು ತೆರೆಯುತ್ತಿದ್ದವು.

ನನ್ನೆದುರು ಅವರು ಮೊದಲು ಬಿಚ್ಚಿಟ್ಟದ್ದು ಎದುರು ಪಕ್ಷದ ಮೇಲಿನ ಸಿಟ್ಟನ್ನಲ್ಲ, ತಮ್ಮದೇ ಡೆಮಾಕ್ರಟಿಕ್ ಪಕ್ಷದ ಮೇಲಿನ ಸಿಟ್ಟನ್ನು. ಬೈಡನ್ ಇಷ್ಟು ತಡವಾಗಿ ಯಾಕೆ ಬಿಟ್ಟುಕೊಟ್ಟರು? ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೋ ಕೈಯಳತೆಯಲ್ಲಿರುವಾಗ ಉಪಾಧ್ಯಕ್ಷ ಸ್ಥಾನಕ್ಕೆ ಮಿನ್ನೆಸೋಟದ ಟಿಮ್ ವಾಲ್ಜ್ ಅವರನ್ನು ಯಾಕೆ ಆರಿಸಿದರು? ಅಕ್ಟೋಬರ್ 21ರಂದು ಎದುರಿನ ರಿಪಬ್ಲಿಕನ್ ಪಕ್ಷದ ಲಿಜ್ ಚೇನಿ ಜೊತೆ ಕಮಲಾ ನಮ್ಮ ಪಕ್ಕದ ಚೆಸ್ಟರ್ ಕೌಂಟಿಗೆ ಬಂದ ಮರುದಿನವಂತೂ ಅವರ ದನಿಯೇ ಒಡೆದಿತ್ತು. "ನಾನು ತಟ್ಟುವ ಬಾಗಿಲುಗಳಲ್ಲಿ ಜನ ಬಾಡಿಗೆ, ಮೊಟ್ಟೆ, ಹಾಲಿನ ಬೆಲೆ ಮಾತಾಡುತ್ತಾರೆ. ಇವರು ಆ ಪಕ್ಷದ ಹಳೆಯ ನಾಯಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಜಾಪ್ರಭುತ್ವದ ಮಾತಾಡುತ್ತಾರೆ."

ಕೈಚೀಲದಿಂದ ದಿನಸಿ ಚೀಟಿಯೊಂದನ್ನು ತೆಗೆದು ತೋರಿಸಿದರು. ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ, ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇರುವ ಮತಗಳದು. ಪೆನ್ಸಿಲ್ವೇನಿಯಾ 19, ಮಿಷಿಗನ್ 15, ವಿಸ್ಕಾನ್ಸಿನ್ 10. ಮೂರೂ ಬಂದರೆ, ಜೊತೆಗೆ ನೆಬ್ರಾಸ್ಕಾದ ಒಂದು ಕ್ಷೇತ್ರದ ಒಂದೇ ಮತವೂ ಬಂದರೆ, ಖಚಿತವೆನ್ನಿಸಿದ ಉಳಿದ ರಾಜ್ಯಗಳನ್ನೂ ಕೂಡಿ ಗೆಲುವಿಗೆ ಬೇಕಾದಷ್ಟೇ, ಸರಿಯಾಗಿ 270. ಅಳಿಸಿ ಬರೆದು ಅಳಿಸಿ ಬರೆದು ಆ ಜಾಗದಲ್ಲಿ ಕಾಗದ ತೆಳುವಾಗಿತ್ತು. ಕೆಳಗೆ ಇನ್ನೊಂದು ಸಾಲು: 2016ರಲ್ಲಿ ಪೆನ್ಸಿಲ್ವೇನಿಯಾ ಕೈತಪ್ಪಿದ್ದು 44,292 ಮತಗಳಿಂದ. ಅದರ ಪಕ್ಕದಲ್ಲಿ ಕನ್ನಡದಲ್ಲಿ "ಸಂತೇಮರಹಳ್ಳಿ" ಎಂದಿತ್ತು.

ಅದೇನೆಂದು ನಾನು ಕೇಳಬೇಕಾಗಲಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಸೋತವರ ಕಾರಿನ ಚಾಲಕನಿಗೇ ಮತ ಹಾಕಲು ಬಿಡುವು ಸಿಕ್ಕಿರಲಿಲ್ಲ ಎಂದು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಆಕೆಯ ತಂದೆ ಪ್ರತಿ ಭಾನುವಾರ ಫೋನಿನಲ್ಲಿ ಈ ಕಥೆ ನೆನಪಿಸುತ್ತಿದ್ದರು, ಮಗಳಿಗೆ ಹುರುಪು ತುಂಬಲು. ಮಗಳು ಅದನ್ನು ಬೆಳಗಿನ ಜಾವ ಮೂರು ಗಂಟೆಗೆ ನೆನೆಯುತ್ತಿದ್ದರು. ಇಂದು ತೆರೆಯದ ಆ ಇಪ್ಪತ್ತೆಂಟು ಬಾಗಿಲುಗಳಲ್ಲಿ ಆ ಒಂದು ಮತ ಇದ್ದಿದ್ದರೆ?

ಮನೆಯ ವಿಷಯ ಬಂದದ್ದು ಎರಡನೇ ಭೇಟಿಯ ಕೊನೆಗೆ, ಬಾಗಿಲ ಬಳಿ ನಿಂತಾಗ. ಪತಿ ಒಂದು ಸಣ್ಣ ಇಂಡಿಯನ್ ದಿನಸಿ ಅಂಗಡಿ ನಡೆಸುತ್ತಾರೆ. 2020ರಲ್ಲಿ ಬೈಡನ್‌ಗೆ ಮತ ಹಾಕಿದವರು ಈ ಬಾರಿ ಟ್ರಂಪ್‌ಗೆ ಎಂದಿದ್ದರು. "ಊರಿನವರನ್ನೆಲ್ಲ ಒಪ್ಪಿಸಿ ಬರುತ್ತೇನೆ, ನನ್ನ ಹೊಸ್ತಿಲೊಳಗೇ ನನ್ನ ಮತ ವಜಾ ಆಗುತ್ತದೆ. ಚೆನ್ನೈ ಹೆಣ್ಣುಮಗಳ ಮಗಳು ಎಂದರೆ, ಆ ಕಡೆಯ ಉಪಾಧ್ಯಕ್ಷ ಅಭ್ಯರ್ಥಿಯ ಹೆಂಡತಿ, ಆಂಧ್ರದವರ ಮಗಳು ಉಷಾ ವ್ಯಾನ್ಸ್ ಇಲ್ಲವೇ ಎನ್ನುತ್ತಾರೆ." ಹದಿನೈದರ ಮಗಳು ತಟ್ಟೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗಿ ಊಟ ಮಾಡತೊಡಗಿ ಮೂರು ವಾರವಾಗಿತ್ತು.

ನಾನೂ ಈ ರಾಜ್ಯದ ಮತದಾರಳು. ನನಗೂ ಪಕ್ಷವಿದೆ, ಆತಂಕವಿದೆ. "ನೀವು ಯಾರ ಕಡೆ ಮೇಡಂ?" ಎಂದು ಅವರು ನೇರವಾಗಿ ಕೇಳಿದರು. ಹೇಳಲಾರೆ ಎಂದೆ. ಹೇಳಿದ್ದರೆ ಒಂದೋ ಇಬ್ಬರೂ ಸೇರಿ ಅಭ್ಯರ್ಥಿಯ ತಂತ್ರವನ್ನು ವಿಮರ್ಶಿಸುತ್ತಾ ಕೂರುತ್ತಿದ್ದೆವು, ಇಲ್ಲವೇ ನಾನು ಅವರ ಮನೆಯ ಎರಡನೇ ಎದುರಾಳಿಯಾಗುತ್ತಿದ್ದೆ. ಚುನಾವಣೆಯ ಕಾಲದಲ್ಲಿ ಈ ಕೆಲಸ ಮಾಡುವವರು ತಮ್ಮ ಮತವನ್ನು ಕೋಣೆಯ ಹೊರಗೆ ಬಿಟ್ಟು ಬರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕೊಟ್ಟ ಸಲಹೆಗಳು ಸರಳವಾದವು. ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ ಮಲಗಲಿ. ಸಮೀಕ್ಷೆ ದಿನಕ್ಕೊಮ್ಮೆ, ಮಧ್ಯಾಹ್ನ ಊಟದ ನಂತರ. ಶೇಕಡಾ ಒಂದರ ಅಂತರವನ್ನು ಇಪ್ಪತ್ತು ಸಲ ನೋಡಿದರೂ ಸಮೀಕ್ಷೆಯಲ್ಲಿ ತಪ್ಪಬಹುದಾದ ಪ್ರಮಾಣ ಅದಕ್ಕಿಂತ ದೊಡ್ಡದಾಗಿಯೇ ಇರುತ್ತದೆ. ಇವನ್ನು ಅವರು ಪಾಲಿಸಿದರು, ನಿದ್ರೆ ಸ್ವಲ್ಪ ಸುಧಾರಿಸಿತು.

ತಂತ್ರದ ಬಗೆಗಿನ ಸಿಟ್ಟನ್ನು ಬಿಡಿ ಎಂದು ನಾನು ಹೇಳಲಿಲ್ಲ. ಆ ಸಿಟ್ಟಿನಲ್ಲಿ ಅವರು ಕಣ್ಣಾರೆ ಕಂಡದ್ದೂ ಇತ್ತು, ಪರದೆಯಿಂದ ಹೀರಿಕೊಂಡದ್ದೂ ಇತ್ತು. ಒಂದು ಹಾಳೆಯಲ್ಲಿ ಎರಡನ್ನೂ ಬೇರೆ ಮಾಡಿ ಬರೆಯಲು ಕೇಳಿದೆ. ಶಪಿರೋ, ಚೇನಿ, ಬೈಡನ್ ತಡ ಮಾಡಿದ್ದು, ಇವೆಲ್ಲ ಪರದೆಯ ಸಾಲಿಗೆ ಹೋದವು. ಕಣ್ಣಾರೆ ಕಂಡ ಸಾಲಿನಲ್ಲಿ ಉಳಿದದ್ದು ಒಂದೇ: ನನ್ನ ಬೀದಿಗಳಲ್ಲಿ ಜನ ಮೊದಲು ಬೆಲೆಯ ಮಾತೆತ್ತುತ್ತಾರೆ, ಬಾಗಿಲಲ್ಲಿ ಆಡಲೆಂದು ಪಕ್ಷ ನಮಗೆ ಬರೆದುಕೊಟ್ಟ ಮಾತುಗಳ ಪಟ್ಟಿಯಲ್ಲಿ ಅದು ಬಹಳ ಕೆಳಗಿದೆ. ಅದನ್ನು ನಿಮ್ಮ ಸ್ಥಳೀಯ ಮೇಲ್ವಿಚಾರಕರಿಗೆ ಒಂದು ಪುಟದಲ್ಲಿ ಬರೆದು ಕೊಡಿ, ಆಮೇಲೆ ಆ ಹೊರೆ ನಿಮ್ಮದಲ್ಲ ಎಂದೆ. ಬರೆದು ಕೊಟ್ಟರು. ಸ್ವಯಂಸೇವಕಿಗೆ ಪಕ್ಷ ಕೊಡುವುದು ನಲವತ್ತು ಬಾಗಿಲುಗಳ ಪಟ್ಟಿ. ಆಕೆ ಇಡೀ ದೇಶವನ್ನೇ ಹೆಗಲ ಮೇಲೆ ಹೊತ್ತು ಮನೆಗೆ ಬರುತ್ತಿದ್ದರು.

ಅಕ್ಟೋಬರ್ 26, ಶನಿವಾರ. ತುರ್ತಾಗಿ ನೋಡಬೇಕೆಂದು ಬಂದರು. ಅಂದು ಮೊಬೈಲ್ ಚೀಲದಲ್ಲೇ ಇತ್ತು. ಚೀಲದಿಂದ ಹೊರಬಂದದ್ದು ಒಂದು ಹಳದಿ ಲಕೋಟೆ, ಖಾಲಿ.

ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತ ಹಾಕುವವರಿಗೆ ಎರಡು ಲಕೋಟೆ ಬರುತ್ತವೆ. ಗುರುತು ಹಾಕಿದ ಮತಪತ್ರವನ್ನು ಮೊದಲು ಹಳದಿ ಬಣ್ಣದ ಗೋಪ್ಯತಾ ಲಕೋಟೆಗೆ ಹಾಕಿ ಅಂಟಿಸಬೇಕು, ಅದನ್ನು ಹೊರಲಕೋಟೆಯೊಳಗಿಟ್ಟು ಸಹಿ ಮಾಡಿ ದಿನಾಂಕ ಬರೆಯಬೇಕು. ಹಳದಿ ಲಕೋಟೆ ಇಲ್ಲದೆ ಬಂದ ಮತಪತ್ರ ಎಣಿಕೆಗೆ ಸೇರುವುದಿಲ್ಲ. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಪು ಕೊಟ್ಟಿದೆ. ಆಕೆ ಇದನ್ನು ನೂರಾರು ಬಾಗಿಲುಗಳಲ್ಲಿ ವಿವರಿಸಿದ್ದರು, ಬೆರಳು ಮಡಚಿ ಎಣಿಸಿ ತೋರಿಸಿದ್ದರು. ಗುರುವಾರ ರಾತ್ರಿ ರದ್ದಿ ಕಾಗದದ ಬುಟ್ಟಿಯಲ್ಲಿ ಪತಿಯ ಹಳದಿ ಲಕೋಟೆ ಕಂಡಿತು. ಅಂಟಿಸಿ ಸಹಿ ಮಾಡಿದ ಹೊರಲಕೋಟೆ ಚಪ್ಪಲಿ ಗೂಡಿನ ಮೇಲಿತ್ತು, ಸೋಮವಾರ ಕೌಂಟಿ ಕಚೇರಿಯಲ್ಲಿ ಕೊಟ್ಟು ಬರಲು.

"ನಾನು ಏನೂ ಮಾಡಬೇಕಾಗಿಲ್ಲ ಮೇಡಂ. ಮುಟ್ಟಿಲ್ಲ, ಕದ್ದಿಲ್ಲ. ಸುಮ್ಮನಿದ್ದರೆ ಸಾಕು. ಎರಡು ದಿನ ಸುಮ್ಮನಿದ್ದೇನೆ. ಆ ಎರಡು ರಾತ್ರಿ ಚೆನ್ನಾಗಿ ನಿದ್ರೆ ಬಂತು. ಅದಕ್ಕೇ ಹೆದರಿ ಬಂದೆ."

ಸಾಮಾನ್ಯವಾಗಿ ನಾನು ಹೀಗೆ ಮಾಡಿ ಎಂದು ಹೇಳುವುದಿಲ್ಲ. ಬಂದವರೇ ದಾರಿ ಕಂಡುಕೊಳ್ಳಲು ಜೊತೆಗಿರುತ್ತೇನೆ. ಈ ಒಂದು ವಿಷಯದಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಳೆ ರಾತ್ರಿಯೊಳಗೆ ಅವರಿಗೆ ತಿಳಿಸಿ. ಎರಡು ದಿನ ಮುಚ್ಚಿಟ್ಟದ್ದನ್ನೂ ಸೇರಿಸಿ ತಿಳಿಸಿ. ನಿಮ್ಮ ಅಭ್ಯರ್ಥಿ ಗೆದ್ದರೂ ಸೋತರೂ ನವೆಂಬರ್ 6ರ ಬೆಳಿಗ್ಗೆ ಕಾಫಿ ಲೋಟವನ್ನು ಇವರ ಮುಂದೆಯೇ ಇಡಬೇಕು. ಆಗ ಈ ಲಕೋಟೆ ಇಬ್ಬರ ನಡುವೆ ಇರುತ್ತದೆ, ಅವರಿಗೆ ಕಾಣದಂತೆ.

ಇನ್ನೊಂದನ್ನು ಕೇಳಿದೆ. ಅಪರಿಚಿತರ ಬಾಗಿಲಲ್ಲಿ ನಿಮ್ಮ ಮೊದಲ ಪ್ರಶ್ನೆ ಯಾವುದು? "ಈ ಚುನಾವಣೆಯಲ್ಲಿ ನಿಮ್ಮನ್ನು ಹೆಚ್ಚು ಕಾಡುತ್ತಿರುವ ವಿಷಯ ಯಾವುದು ಎಂದು ಕೇಳುತ್ತೇವೆ. ಕೇಳಿ ಸುಮ್ಮನಿರಬೇಕು, ಮಧ್ಯೆ ಬಾಯಿ ಹಾಕಬಾರದು." ಅದನ್ನು ಮನೆಯಲ್ಲಿ ಕೇಳಿದ್ದೀರಾ? ಅವರು ಬಹಳ ಹೊತ್ತು ಮಾತಾಡಲಿಲ್ಲ. ಹತ್ತು ನಿಮಿಷ, ಒಂದೇ ಪ್ರಶ್ನೆ, ಉತ್ತರಕ್ಕೆ ಪ್ರತ್ಯುತ್ತರವಿಲ್ಲ. ಲಕೋಟೆಯ ಮಾತು ಮುಗಿದ ಮೇಲೆ ಇದನ್ನು ಮಾಡಿ, ಅದೇ ದಿನ ಬೇಡ ಎಂದೆ.

ಭಾನುವಾರ ರಾತ್ರಿ ಅಂಗಡಿ ಮುಚ್ಚಿ ಬಂದ ಪತಿಯ ಮುಂದೆ ಆ ಹಳದಿ ಲಕೋಟೆಯನ್ನಿಟ್ಟು ಹೇಳಿದರಂತೆ, "ರೀ, ಇದು ಒಳಗೆ ಹೋಗಿಲ್ಲ. ಹಾಗೇ ಕೊಟ್ಟರೆ ನಿಮ್ಮ ಮತ ಎಣಿಸುವುದಿಲ್ಲ." ಅವರು ಮೊದಲು ನಕ್ಕು ಥ್ಯಾಂಕ್ಸ್ ಹೇಳಿದರು. ಆಮೇಲೆ, "ಯಾವಾಗ ನೋಡಿದೆ?" ಗುರುವಾರ ಎಂದಾಗ ನಗು ನಿಂತಿತು. "ನನ್ನ ಮಾತು ಎಲ್ಲೂ ಕೇಳಿಸಬಾರದು ಎನ್ನುವಷ್ಟು ಸಿಟ್ಟೇ ನನ್ನ ಮೇಲೆ?" ಎಂದು ಕೇಳಿ, ಊಟ ಮಾಡದೆ ಮಲಗಿದರು.

ಮಂಗಳವಾರ ನನಗೆ ಫೋನ್ ಮಾಡಿ, "ನೀವು ಹೇಳಿದ್ದರಿಂದ ಇನ್ನೂ ಕೆಟ್ಟಿತು" ಎಂದರು. ಕೆಟ್ಟದ್ದು ನಿಜ. ಪ್ರಶ್ನೆಯನ್ನು ಕೇಳುವ ದಿನವನ್ನು ಅವರೇ ಆರಿಸಲಿ, ಅವಸರ ಬೇಡ ಎಂದಷ್ಟೇ ಹೇಳಿದೆ.

ಅವರು ಆರಿಸಿಕೊಂಡದ್ದು ಅಕ್ಟೋಬರ್ 31, ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನದ ನಂತರದ ಹೊತ್ತು. ಪತಿ ಹತ್ತು ನಿಮಿಷಕ್ಕೆ ನಿಲ್ಲಿಸಲಿಲ್ಲ, ನಲವತ್ತು ನಿಮಿಷ ಮಾತಾಡಿದರು. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ ಸೋನಾ ಮಸೂರಿ ಚೀಲಕ್ಕಾಗಿ ಅಂಗಡಿಯ ಮುಂದೆ ಸಾಲು ನಿಂತದ್ದು, ಬೆಲೆ ಏರಿಸಿದ್ದಕ್ಕೆ ಹತ್ತು ವರ್ಷದ ಪರಿಚಯದವರು ಮುಖ ತಿರುಗಿಸಿದ್ದು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನು ಶೇ 5.25ರಿಂದ 5.5ರ ಮಟ್ಟಕ್ಕೇರಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇಟ್ಟಾಗ ಅಂಗಡಿ ಸಾಲದ ಕಂತು ಏರಿದ್ದು. ಎರಡು ಕಂತು ತಪ್ಪಿದ್ದು. ಅದನ್ನು ಹೆಂಡತಿಗೆ ಹೇಳದೆ ಅಣ್ಣನಿಂದ ಕೈಸಾಲ ಪಡೆದದ್ದು.

"ಅಕ್ಕಿ ನಿಷೇಧ ದೆಹಲಿಯದು, ಶ್ವೇತಭವನದ್ದಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು" ಎಂದು ಆಮೇಲೆ ಆಕೆ ಹೇಳಿದರು. ನುಂಗಿಕೊಂಡಿದ್ದರು. ಆ ದಿನ ಆಡಿದ್ದರೆ ಕೈಸಾಲದ ಮಾತು ಹೊರಗೆ ಬರುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ. ಪತಿಯ ಮತ ಬದಲಾಗಲಿಲ್ಲ. ಬದಲಿಸಲೆಂದು ನಾನು ಈ ಸಲಹೆ ಕೊಟ್ಟಿರಲಿಲ್ಲ, ಅದನ್ನು ಆಕೆಗೆ ಮೊದಲೇ ಹೇಳಿದ್ದೆ.

ನವೆಂಬರ್ 5ರಂದು ಪತಿ ಅಂಟಿಸಿದ್ದ ಮತಪತ್ರವನ್ನು ಲಕೋಟೆ ಸಮೇತ ಮತಗಟ್ಟೆಗೆ ಒಯ್ದು ಒಪ್ಪಿಸಿ, ರದ್ದು ಮಾಡಿಸಿ, ಅಲ್ಲೇ ಹೊಸದಾಗಿ ಮತ ಹಾಕಿದರು. ಈ ರಾಜ್ಯದಲ್ಲಿ ಅದಕ್ಕೆ ಅವಕಾಶವಿದೆ ಎಂದು ಅವರಿಗೆ ತಿಳಿಸಿದ್ದು ಹೆಂಡತಿಯೇ. ಅಂದಿನ ರಾತ್ರಿಗೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಇಲ್ಲಿ ಅಂಚೆ ಮತದ ಲಕೋಟೆಗಳನ್ನು ತೆರೆಯುವುದೇ ಚುನಾವಣೆಯ ದಿನ ಬೆಳಿಗ್ಗೆ ಏಳರ ನಂತರ. 2020ರಲ್ಲಿ ಫಲಿತಾಂಶ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ. ಹಾಗಾಗಿ ಹತ್ತೂವರೆಗೆ ಟಿವಿ ಬಂದ್. ಬಂದ್ ಮಾಡಿದರು. ಈ ಸಲ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನವೆಂಬರ್ 8ರ ಭೇಟಿಯಲ್ಲಿ ಆಕೆ ಅರ್ಧ ಗಂಟೆ ಅತ್ತರು. ನಾನು ತಡೆಯಲಿಲ್ಲ, ಬೇಗ ಸಮಾಧಾನ ಹೇಳಲೂ ಹೋಗಲಿಲ್ಲ. ಮೂರು ತಿಂಗಳು ಮೈಮುರಿದು ದುಡಿದವರ ದುಃಖಕ್ಕೆ ಅದರದೇ ಮರ್ಯಾದೆ ಇದೆ. ರಾಜ್ಯದ ಅಂತರ ಲಕ್ಷ ಮೀರಿತ್ತು. ಅವರು ತಟ್ಟಿದ ಬಾಗಿಲುಗಳು ಸುಮಾರು ಒಂದೂವರೆ ಸಾವಿರ. ಆ ದಿನಸಿ ಚೀಟಿಯನ್ನು ತೆಗೆದು ಎರಡು ಸಂಖ್ಯೆಗಳನ್ನೂ ಅವರೇ ಬರೆದು, ಸ್ವಲ್ಪ ಹೊತ್ತು ನೋಡಿ, "ಶಪಿರೋ ಇದ್ದಿದ್ದರೆ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಮಗಳು ಊಟಕ್ಕೆ ಮೇಜಿಗೆ ಬರುತ್ತಿದ್ದಾಳಂತೆ. ಪತಿ ಗುರುವಾರದಿಂದ ಭಾನುವಾರದವರೆಗಿನ ಆ ಮೌನವನ್ನು ಇನ್ನೂ ಮರೆತಿಲ್ಲ. ಮಾತು ಚುಟುಕಾದಾಗ ಅದು ಆಕೆಗೆ ತಿಳಿಯುತ್ತದೆ. ಮುಂದಿನ ಭೇಟಿಗೆ ಇಬ್ಬರೂ ಬರುತ್ತಾರೆ. ಭೇಟಿಯ ವಿಷಯವೇನೆಂದು ಕೇಳಿದ ಜಾಗದಲ್ಲಿ ಪತಿ ತಮ್ಮ ಕೈಬರಹದಲ್ಲಿ ಬರೆದು ಕಳುಹಿಸಿದ್ದಾರೆ: ಅಂಗಡಿಯ ಸಾಲ, ಅಣ್ಣನ ಹಣ.