ಅಕ್ಕಾ, ಮಗಳನ್ನ ತಡೀಬೇಡಿ

ವಿರಾಜಪೇಟೆಯಿಂದ ಪತ್ರ ಬರೆದ ಅಕ್ಕನಿಗೆ ನಮಸ್ಕಾರ. ಡಿಗ್ರಿ ಮುಗಿಸಿದ ಮಗಳು ಕಲಾ ಇತಿಹಾಸ ಓದಿ ಹಳೇ ಚರ್ಚ್‌ಗಳ ಚಿತ್ರ, ಪ್ರತಿಮೆ ಉಳಿಸೋ ಕೆಲಸಕ್ಕೆ ಹೋಗ್ತೀನಿ ಅಂತಾಳೆ, ಪೇಂಟರ್ ಮಾಡೋ ಕೆಲಸಕ್ಕೆ ಇಷ್ಟು ಓದ್ಬೇಕಾ ಅಂತ ಕೇಳಿದ್ದೀರಿ.

ಪೇಂಟರ್ ಕೆಲಸ ಅಲ್ಲ ಅಕ್ಕಾ, ಹೆಚ್ಚುಕಮ್ಮಿ ಅದರ ಉಲ್ಟಾ. ಒಂದು ಕಡೆ ಹಬ್ಬಕ್ಕೆ ಅಂತ ಹಳೇ ಮರದ ಪ್ರತಿಮೆಗೆ ಎನಾಮಲ್ ಹೊಡೆದಿದ್ದನ್ನ ನಾನೇ ನೋಡಿದ್ದೀನಿ, ಆ ಮುಖದ ಮೃದು ಬಣ್ಣ, ಕಣ್ಣಿನ ಸಣ್ಣ ಗೆರೆ ಎಲ್ಲಾ ಮುಚ್ಚಿಹೋಗಿ ಅಂಗಡಿ ಗೊಂಬೆ ತರ ಆಗಿತ್ತು, ಅವತ್ತು ಊಟ ಸೇರಲಿಲ್ಲ ನನಗೆ.

ಇಟಲಿಯ ಚೆಸರೆ ಬ್ರಾಂಡಿ ಬಗ್ಗೆ ಮಗಳಿಗೆ ಹೇಳಿ. 1906ರಲ್ಲಿ ಸಿಯೆನಾದಲ್ಲಿ ಹುಟ್ಟಿದ ಕಲಾ ಇತಿಹಾಸಕಾರ, 1939ರಲ್ಲಿ ರೋಮ್‌ನಲ್ಲಿ ಶುರುವಾದ ಸರ್ಕಾರಿ ಸಂರಕ್ಷಣಾ ಸಂಸ್ಥೆಗೆ ಮೊದಲ ನಿರ್ದೇಶಕ. 1944ರಲ್ಲಿ ಬಾಂಬ್ ಬಿದ್ದು ವಿತೆರ್ಬೊ ಊರಿನ ಒಂದು ಚರ್ಚ್‌ನ 15ನೇ ಶತಮಾನದ ಗೋಡೆಚಿತ್ರ ಚೂರುಚೂರಾಯ್ತು, ಇವರ ತಂಡ ಕಸದ ರಾಶಿಯಿಂದ ಆರಿಸಿದ ಸಾವಿರಾರು ಚೂರುಗಳನ್ನ ಹಳೇ ಫೋಟೋ ಇಟ್ಕೊಂಡು ಒಂದೊಂದಾಗಿ ಜೋಡಿಸ್ತು. ಚೂರು ಸಿಗದ ಜಾಗಕ್ಕೆ ಏನು ಮಾಡಿದ್ರು ಗೊತ್ತಾ, ಜಲವರ್ಣದಲ್ಲಿ ಸಣ್ಣಸಣ್ಣ ನೆಟ್ಟಗಿನ ಗೆರೆ ಎಳೆದ್ರು. ದೂರದಿಂದ ನೋಡಿದ್ರೆ ಚಿತ್ರ ಪೂರ್ತಿ ಕಾಣುತ್ತೆ, ಹತ್ರ ಹೋದ್ರೆ ಇದು ನಮ್ಮ ಕೈ, ಅದು ಹಳೇ ಕಲಾವಿದನ ಕೈ ಅಂತ ಗೊತ್ತಾಗುತ್ತೆ, ಬೇಡ ಅಂದ್ರೆ ಆ ಗೆರೆ ಅಳಿಸಲೂಬಹುದು. ತನ್ನ ಕೈಚಳಕ ತೋರಿಸದೆ ಹಿಂದೆ ನಿಲ್ಲೋ ಆ ಬುದ್ಧಿ ಬರೋಕೇ ಅಕ್ಕಾ ವರ್ಷಗಟ್ಟಲೆ ಓದೋದು.

ಜೊತೆಗೆ ಕೆಮಿಸ್ಟ್ರಿನೂ ಬೇಕು. ನಿಮ್ಮ ಸಂತ ಅನ್ನಮ್ಮ ಚರ್ಚ್‌ನ ಮೂಲ 1792ರದ್ದು, ಕೊಡಗಿನ ರಾಜ ದೊಡ್ಡವೀರರಾಜೇಂದ್ರರ ಕಾಲದ್ದು, ನಮ್ಮ ಕೊಡಗಿನ ಮಳೆ ಗೊತ್ತಲ್ಲ, ಹಳೇ ಸುಣ್ಣದ ಗೋಡೆ ಮಳೆಗಾಲದಲ್ಲಿ ನೀರು ಹೀರಿ ಬಿಸಿಲಿಗೆ ಬಿಡುತ್ತೆ, ಅಂಥ ಗೋಡೆ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ತೇವ ಒಳಗೇ ಕೂತು ಉಪ್ಪು ಬಿಟ್ಟು ಪದರಪದರವಾಗಿ ಉದುರುತ್ತೆ.

ಒಂದ್ಸಲ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರ್ಕೊಂಡು ಹೋಗಿ. ಇಟಲಿಯ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬರೆದ ಚಿತ್ರಗಳವು, 1990ರ ದಶಕದಲ್ಲಿ ಸಂರಕ್ಷಣೆ ಮಾಡಿದ್ರು, ಅದಕ್ಕೇ ಇವತ್ತಿಗೂ ನೋಡೋಕೆ ಸಿಗ್ತಿವೆ.

ದುಡ್ಡಿನ ವಿಷ್ಯ ಮುಚ್ಚಿಡಲ್ಲ, ಶುರುವಲ್ಲಿ ಕಷ್ಟ ಇರುತ್ತೆ. ಆದ್ರೆ ಇದು ಚರ್ಚ್‌ಗೆ ಮಾತ್ರ ಸೀಮಿತ ಅಲ್ಲ, ದೇವಸ್ಥಾನ, ಮ್ಯೂಸಿಯಂ, ಅರಮನೆ ಎಲ್ಲಾ ಕಡೆ ಇಂಥವರು ಬೇಕು. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಲ್ಲೇ ಇದೆ, ಮೊದಲು ಅಲ್ಲಿ ಹೋಗಿ ವಿಚಾರಿಸ್ಲಿ. ಅಲ್ಲೀವರೆಗೆ ನಿಮ್ಮ ಕಡೆ ಯಾರಾದ್ರೂ ಹಬ್ಬಕ್ಕೆ ಅಂತ ಹಳೇ ಪ್ರತಿಮೆ ಮುಂದೆ ಪೇಂಟ್ ಡಬ್ಬಿ ಬಿಚ್ಚಿದ್ರೆ ದಯವಿಟ್ಟು ಸ್ವಲ್ಪ ತಡೀರಿ ಅಂತ ನೀವೇ ಹೇಳಿ ಅಕ್ಕಾ.

ಸಂಪಾದಕ